ನಕಲು ಕತ್ತಿಯ ಪರವಾಗಿ

ಪರದೇಶಗಳಲ್ಲಿ ಒಂದು ಹವ್ಯಾಸ ಬಲವಾಗಿ ಬೇರೂರಿದೆ. ಸಾವಿರ ವರ್ಷದ ಹಿಂದೆ ವೈಕಿಂಗರು ಹಿಡಿಯುತ್ತಿದ್ದಂಥ ಕತ್ತಿಯ ಪ್ರತಿಕೃತಿಯನ್ನು ದುಡ್ಡು ಕೊಟ್ಟು ತರಿಸಿ ಮನೆಯಲ್ಲಿ ಇಟ್ಟುಕೊಳ್ಳುವ ಹವ್ಯಾಸ ಅದು. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ನಾರ್ವೆ ಸ್ವೀಡನ್ ಡೆನ್ಮಾರ್ಕುಗಳಲ್ಲಿ ಇಂಥ ಕತ್ತಿಯುಳ್ಳ ಮನೆಗಳು ಬಹಳ. ಅದನ್ನು ಕೊಳ್ಳುವವರು ದಳವಾಯಿಗಳೂ ಅಲ್ಲ, ಪಾಳೆಯಗಾರರೂ ಅಲ್ಲ. ಬ್ಯಾಂಕಿನ ಗುಮಾಸ್ತರು, ಶಾಲೆಯ ಉಪಾಧ್ಯಾಯರು, ಲಾರಿ ಓಡಿಸುವವರು, ಆಸ್ಪತ್ರೆಯ ದಾದಿಯರು. ತಿಂಗಳುಗಟ್ಟಲೆ ಕೂಡಿಟ್ಟ ಹಣಕ್ಕೆ ಮೊದಲ ಕತ್ತಿ ಬಂದಿಳಿದ ದಿನ ಅವರಿಗೆ ಆಗುವ ಸಂಭ್ರಮ, ನಮ್ಮಲ್ಲಿ ಮನೆಗೆ ಮೊದಲ ವೀಣೆ ಬಂದಾಗ ಆಗುತ್ತಿದ್ದ ಸಂಭ್ರಮಕ್ಕೆ ಏನೂ ಕಡಮೆಯಲ್ಲ. ಈ ಸಂಭ್ರಮವನ್ನು ಕುರಿತು ನಮ್ಮ ವಿದ್ಯಾವಂತರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ: ಹುಡುಗಾಟ. ದೊಡ್ಡವರಾಗದ ದೊಡ್ಡವರು ಆಡುವ ಆಟ. ನಾನು ಈ ತೀರ್ಪನ್ನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕತ್ತಿಯ ಮೇಲಿನ ಮೋಹ ಕಾರಣವಲ್ಲ. ನಾನು ಹಿಡಿದ ಅತಿ ದೊಡ್ಡ ಅಲಗು ಹಲಸಿನ ಹಣ್ಣು ಕೊಯ್ಯುವ ಮಚ್ಚು.

ಮೊದಲನೆಯ ಆಕ್ಷೇಪಣೆ, ಅದು ನಕಲು ಎಂಬುದು. ಅಸಲು ಕತ್ತಿಯಾಗಿದ್ದರೆ ಸರಿ, ಇದು ನಿನ್ನೆಯೋ ಮೊನ್ನೆಯೋ ಕಾರ್ಖಾನೆಯಲ್ಲಿ ಆದದ್ದು, ಇದಕ್ಕೇಕೆ ಇಷ್ಟು ಕುಣಿದಾಟ ಎನ್ನುತ್ತಾರೆ. ಹೀಗೆನ್ನುವವರಲ್ಲಿ ಸಾಹಿತ್ಯದ ಮೇಷ್ಟರುಗಳೂ ಇದ್ದಾರೆಂಬುದು ನನಗೆ ಸೋಜಿಗ. ನಾವು ದಿನ ಬೆಳಗಾದರೆ ಪಾಠ ಹೇಳುವುದು ಏನನ್ನು? ಪಂಪನ ಕೈಯಕ್ಷರವನ್ನು ಕಂಡವರು ಯಾರಾದರೂ ಉಂಟೆ? ಅವನು 941ರ ಸುಮಾರಿಗೆ ತನ್ನ ಭಾರತವನ್ನು ಮುಗಿಸಿದನೆಂದು ಹೇಳುತ್ತೇವೆ. ಅವನ ಕಂಠದ ಒತ್ತು ಬಿದ್ದ ಓಲೆ ಯಾವ ಕಾಲಕ್ಕೋ ಹುಳುವಿಗೆ ಆಹಾರವಾಯಿತು. ನಮ್ಮ ಕೈಗೆ ಬಂದದ್ದು ಪ್ರತಿಯ ಪ್ರತಿ, ಅದರ ಪ್ರತಿ. ಹಾಗೆ ಪ್ರತಿ ಮಾಡಿದವರನ್ನು ನಾವು ನಕಲುಗಾರರೆಂದು ಹೀಯಾಳಿಸುತ್ತೇವೆಯೇ? ಅವರಿಲ್ಲದಿದ್ದರೆ ನಮಗೆ ಸಂಬಳವೇ ಇರುತ್ತಿರಲಿಲ್ಲ. ಓಲೆಗರಿಗೆ ಒಂದು ನ್ಯಾಯ, ಕಬ್ಬಿಣಕ್ಕೆ ಇನ್ನೊಂದು ನ್ಯಾಯ ಎಂಬುದು ಸಲ್ಲದು. ಬೆರಳಿನಲ್ಲಿ ಹಿಡಿಯುವ ಕಂಠಕ್ಕೆ ಬುದ್ಧಿಯುಂಟು, ಮುಷ್ಟಿಯಲ್ಲಿ ಹಿಡಿಯುವ ಸುತ್ತಿಗೆಗೆ ಇಲ್ಲ ಎಂಬ ನಮ್ಮ ಹಳೆಯ ರೋಗದ ಲಕ್ಷಣವಲ್ಲದೆ ಅದು ಬೇರೇನೂ ಅಲ್ಲ.

ಅದೂ ಇರಲಿ. ಅಸಲು, ನಕಲು ಎಂದು ಗೆರೆ ಎಳೆಯುವವರು ವೈಕಿಂಗರ ಕಾಲಕ್ಕೇ ಹೋಗಿ ನೋಡಲಿ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಮಠದ ಮೇಲೆ ಬಿದ್ದ ಲೂಟಿಯಿಂದ ತೊಡಗಿ 1066ರವರೆಗೆ ಆ ಯುಗವನ್ನು ಎಣಿಸುವುದು ವಾಡಿಕೆ. ಆ ಕಾಲದ ಕತ್ತಿಗಳಲ್ಲಿ ಅತ್ಯಂತ ಹೆಸರಾದವು ‘ಉಲ್ಫ್‌ಬೆರ್ಟ್’ ಎಂಬ ಹೆಸರನ್ನು ಅಲಗಿನ ಮೇಲೆಯೇ ಕಬ್ಬಿಣದ ಅಕ್ಷರಗಳಲ್ಲಿ ಬೆಸೆದುಕೊಂಡಿರುವ ಕತ್ತಿಗಳು. ಈವರೆಗೆ ಸುಮಾರು 170 ಸಿಕ್ಕಿವೆ. ನಾರ್ವೆಯ ಗೋರಿಗಳಲ್ಲಿ ಸಿಕ್ಕಿವೆ, ಫಿನ್ಲೆಂಡಿನಲ್ಲಿ ಸಿಕ್ಕಿವೆ, ಜರ್ಮನಿಯ ನದಿಗಳ ತಳದಲ್ಲಿ ಸಿಕ್ಕಿವೆ. ಸುಮಾರು ಎರಡು ನೂರು ವರ್ಷಗಳ ಉದ್ದಕ್ಕೂ ಒಂದೇ ಹೆಸರು ನಡೆದು ಬಂದಿರುವುದರಿಂದ ಅದು ಒಬ್ಬ ಮನುಷ್ಯನ ಕೆಲಸವಲ್ಲವೆಂಬುದು ಸ್ಪಷ್ಟ; ಒಂದು ಮನೆತನದ್ದೋ ಒಂದು ಕಾರ್ಯಾಗಾರದ್ದೋ ಒಂದು ಮಠದ್ದೋ ಮುದ್ರೆ ಇರಬೇಕು. ಹೆಸರೋ ವೈಕಿಂಗರದಲ್ಲ. ರೈನ್ ನದಿಯ ಸೀಮೆಯಲ್ಲಿದ್ದ ಫ್ರಾಂಕರ ಹೆಸರು ಅದು, ಕ್ರೈಸ್ತರ ಹೆಸರು. ಅದರ ಜೊತೆಗೆ ಎರಡು ಶಿಲುಬೆಗಳೂ ಇವೆ. ಲಂಡನ್ನಿನ ವಾಲೆಸ್ ಸಂಗ್ರಹಾಲಯದೊಡನೆ ಕೆಲಸ ಮಾಡಿದ ಅಲನ್ ವಿಲಿಯಮ್ಸ್ ಎಂಬ ಲೋಹವಿಜ್ಞಾನಿ ಈ ಜಾತಿಯ ಹಲವು ಕತ್ತಿಗಳ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಒಂದು ಸ್ವಾರಸ್ಯದ ವಿಚಾರ ಹೊರಬಿದ್ದಿತು. ಎರಡನೆಯ ಶಿಲುಬೆ ಕೊನೆಯ ಅಕ್ಷರಕ್ಕೆ ಮುಂಚೆ ಬಂದಿರುವ ಕತ್ತಿಗಳಲ್ಲಿ ಹಲವು ಬಲು ಮೇಲಾದ ಉಕ್ಕಿನವು. ಅದೇ ಶಿಲುಬೆ ಕೊನೆಯ ಅಕ್ಷರ ಮುಗಿದ ಮೇಲೆ ಬಂದಿರುವ ಕತ್ತಿಗಳಲ್ಲಿ ಬಹುಪಾಲು ಕೀಳು ದರ್ಜೆಯ ಲೋಹದವು. ಅಂದರೆ, ಅವರ ವಾದದಂತೆ, ಎರಡನೆಯವು ಆ ಕಾಲದ್ದೇ ಆದ ನಕಲುಗಳು! ಓದು ಬಾರದ ಗಿರಾಕಿ ಶಿಲುಬೆಯ ಜಾಗವನ್ನು ಎಣಿಸಿ ನೋಡುತ್ತಾನೆಯೇ? ಹತ್ತನೆಯ ಶತಮಾನದ ಯಾವನೋ ಒಬ್ಬ ನಾರ್ವೆಯ ರೈತ ಹಡಗಿನ ಲಾಭವನ್ನೆಲ್ಲ ಸುರಿದು ಉಲ್ಫ್‌ಬೆರ್ಟ್ ಕತ್ತಿಯೊಂದನ್ನು ಕೊಂಡು, ಸಾಯುವ ತನಕ ಅದನ್ನು ಹೆಮ್ಮೆಯಿಂದ ಹಿಡಿದು, ಗೋರಿಯೊಳಗೂ ಜೊತೆಗೆ ಒಯ್ದ. ಅದು ನಕಲೆಂದು ಈಗ ನಾವು ಹೇಳುತ್ತೇವೆ. ಅವನ ಸಂತೋಷವೂ ನಕಲಾಗಿತ್ತೇ?

ಎರಡನೆಯದಾಗಿ, ಕತ್ತಿಯನ್ನು ನೋಡಬೇಕಾದರೆ ವಸ್ತುಸಂಗ್ರಹಾಲಯವಿಲ್ಲವೇ, ಮನೆಗೆ ಯಾಕೆ ತರಬೇಕು ಎಂಬ ಪ್ರಶ್ನೆ. ಸಂಗ್ರಹಾಲಯಗಳ ಮೇಲೆ ನನಗೆ ಗೌರವವಿದೆ. ನಾರ್ವೆಯೊಂದರಲ್ಲೇ ಈ ಕಾಲದ ಕತ್ತಿಗಳು ಸಾವಿರಗಟ್ಟಲೆ ಸಿಕ್ಕಿವೆ. ಯಾನ್ ಪೀಟರ್ಸನ್ ಎಂಬ ವಿದ್ವಾಂಸ 1919ರಲ್ಲಿ ಅವುಗಳ ಹಿಡಿಯ ಆಕಾರವನ್ನು ನೋಡಿ ಜಾತಿ ಜಾತಿಯಾಗಿ ಬೇರ್ಪಡಿಸಿ, ಒಂದೊಂದಕ್ಕೂ ರೋಮನ್ ಅಕ್ಷರವೊಂದನ್ನು ಕೊಟ್ಟು ಮಾಡಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಹಾಗೆ ಜೀವಮಾನವನ್ನೇ ಸವೆಸಿದವರಿಗೆ ನಾವು ಕೈಮುಗಿಯಬೇಕು. ಆದರೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಸಾಮಾನ್ಯ ಮನುಷ್ಯನಿಗೆ ಕಾಣುವುದೇನು? ತುಕ್ಕು ತಿಂದು ಸುಕ್ಕಾದ ಒಂದು ಕರಿಯ ಪಟ್ಟಿ. ಹಿಡಿಯ ಮರವೋ ಕೊಂಬೋ ಮಣ್ಣಾಗಿ ಹೋಗಿದೆ. ಎಷ್ಟೋ ಕತ್ತಿಗಳನ್ನು ಹೂಳುವ ಮುನ್ನವೇ ಬೇಕೆಂದು ಸುರುಳಿ ಸುತ್ತಿ ಬಗ್ಗಿಸಿದ್ದಾರೆ, ಒಡೆಯನೊಡನೆ ಆಯುಧವನ್ನೂ ಕೊಂದ ಹಾಗೆ. ಅದನ್ನು ಕಂಡವನ ಮನಸ್ಸಿಗೆ ಸಾವು ಹೊಳೆಯುತ್ತದೆ, ಕತ್ತಿ ಹೊಳೆಯುವುದಿಲ್ಲ. ಮುಖ್ಯವಾದ ಸಂಗತಿ, ತೂಕ, ಗಾಜಿನಾಚೆಯಿಂದ ಯಾರಿಗೂ ತಿಳಿಯುವಂತಿಲ್ಲ.

ಈ ತೂಕದ ವಿಷಯದಲ್ಲಿ ಬಹಳ ಕಾಲದಿಂದ ಒಂದು ಸುಳ್ಳು ನಡೆದುಬಂದಿದೆ. ಹಳೆಯ ಕತ್ತಿಗಳೆಂದರೆ ಹತ್ತು ಸೇರು, ಇಪ್ಪತ್ತು ಸೇರು ತೂಗುವಂಥವು, ಅಂದಿನವರು ರಾಕ್ಷಸರಂಥವರು, ನಾವು ಕ್ಷೀಣಿಸಿದವರು ಎಂಬ ಮಾತು. ಎವರ್ಟ್ ಓಕ್‌ಶಾಟ್ ಎಂಬ ಇಂಗ್ಲಿಷ್ ಲೇಖಕ (2002ರಲ್ಲಿ ತೀರಿಕೊಂಡರು) ನೂರಾರು ಅಸಲು ಕತ್ತಿಗಳನ್ನು ಕೈಯಲ್ಲಿ ಹಿಡಿದು ನೋಡಿ ಈ ಸುಳ್ಳಿನ ಮೇಲೆ ಬರೆದೂ ಬರೆದೂ ದಣಿದರು. ವೈಕಿಂಗ್ ಕತ್ತಿಗಳ ತೂಕ ಬಹುಮಟ್ಟಿಗೆ ಒಂದರಿಂದ ಒಂದೂವರೆ ಕಿಲೋಗ್ರಾಂ ಒಳಗೆ. ಉದ್ದ ಸುಮಾರು ಒಂದು ಗಜ. 2011ರಲ್ಲಿ ನಾರ್ವೆಯ ಲಾಂಗೈದ್ ಎಂಬಲ್ಲಿ ಬಂಗಾರ ಬೆಳ್ಳಿಗಳ ಕುಸುರಿಯಿದ್ದ ಕತ್ತಿಯೊಂದು ಗೋರಿಯಲ್ಲಿ ಸಿಕ್ಕಿತು. ಅದರ ಉದ್ದ 94 ಸೆಂಟಿಮೀಟರ್. ಒಂದು ಕಿಲೋಗ್ರಾಂ ಎಂದರೆ ನಮ್ಮ ಮನೆಯ ತುಂಬಿದ ತಂಬಿಗೆಗಿಂತ ಹೆಚ್ಚಲ್ಲ. ಆದರೆ ತಂಬಿಗೆಯ ತೂಕ ಬೇರೆ, ಕತ್ತಿಯ ತೂಕ ಬೇರೆ. ಒಳ್ಳೆಯ ಕತ್ತಿಯ ಅಲಗು ಹಿಡಿಯ ಬಳಿ ಸುಮಾರು 5 ಮಿಲಿಮೀಟರ್ ದಪ್ಪವಿದ್ದರೆ ಮೊನೆಯ ಕಡೆಗೆ ಹೋಗಹೋಗುತ್ತ ಅದರ ಅರ್ಧದಷ್ಟಾಗುತ್ತದೆ. ಅಲಗಿನ ನಡುವೆ ಉದ್ದಕ್ಕೂ ಅಗಲವಾದ ತೋಡು. ನೆತ್ತರು ಹರಿಯುವುದಕ್ಕೆ ಅದು ಇದೆಯೆಂಬ ಕಥೆ ಪ್ರಸಿದ್ಧವಾದರೂ ಅದು ಇರುವುದು ತೂಕ ಇಳಿಸುವುದಕ್ಕೆ, ಬಿಗಿ ಕೆಡದಂತೆ ಇಳಿಸುವುದಕ್ಕೆ. ಹಿಡಿಯ ಕೊನೆಯಲ್ಲಿ ದಪ್ಪ ಲೋಹದ ಗುಬುಟು. ಅದು ಅಂದಕ್ಕೆ ಮಾತ್ರವಲ್ಲ, ಅತ್ತ ಎಳೆಯುವ ಅಲಗನ್ನು ಇತ್ತ ಎಳೆದು ತಕ್ಕಡಿಯ ಹಾಗೆ ತೂಗಿ ನಿಲ್ಲಿಸುತ್ತದೆ. ಇವೆಲ್ಲವನ್ನೂ ಪುಸ್ತಕದಲ್ಲಿ ಓದಬಹುದು, ನಾನೂ ಓದಿದ್ದೇನೆ. ಓದಿದ್ದರಿಂದ ಕೈಗೆ ಏನೂ ತಿಳಿಯಲಿಲ್ಲ.

ಮಿನಿಯಾಪೊಲಿಸ್ ಎಂಬ ಊರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಆ ಸೀಮೆಗೆ ನಾರ್ವೆ ಸ್ವೀಡನ್ನುಗಳಿಂದ ಹಿಂದೆ ಬಹಳ ಜನ ವಲಸೆ ಬಂದಿದ್ದರು. ಆ ಊರಿನ ಚೆಂಡಾಟದ ತಂಡದ ಹೆಸರೇ ವೈಕಿಂಗ್ಸ್ ಎಂದು. ನೆರೆಮನೆಯವರ ಸಹವಾಸದಿಂದ ಇವನಿಗೂ ಕತ್ತಿಯ ಹುಚ್ಚು ಹಿಡಿಯಿತು. ಮೊದಲ ಕತ್ತಿ ಬಂದ ವಾರ ನನಗೆ ಬರೆದ: “ಮೇಷ್ಟ್ರೇ, ಪೆಟ್ಟಿಗೆ ಬಿಚ್ಚಿ ಹಿಡಿದುಕೊಂಡಾಗ ಮೊದಲು ಅನ್ನಿಸಿದ್ದು ಹಿಡಿ ಚಿಕ್ಕದಾಯಿತು ಅಂತ. ನಾಲ್ಕು ಬೆರಳು ಇಟ್ಟರೆ ಮುಗಿದೇ ಹೋಯಿತು, ಗುಬುಟು ಅಂಗೈಗೆ ಒತ್ತುತ್ತೆ. ಹಿಂದಕ್ಕೆ ಕಳಿಸಿಬಿಡೋಣ ಅಂದುಕೊಂಡೆ. ಆಮೇಲೆ ಒಬ್ಬರು, ಸುತ್ತಿಗೆ ಹಿಡಿದ ಹಾಗೆ ಹಿಡೀಬೇಡ, ಯಾರದೋ ಕೈಕುಲುಕುವ ಹಾಗೆ ಹಿಡಿ ಅಂದರು. ಹಾಗೆ ಹಿಡಿದೆ ನೋಡಿ, ಕತ್ತಿಯ ತೂಕವೇ ಎಲ್ಲೋ ಹೋಯಿತು. ಮೊನೆ ತಾನಾಗಿ ಮುಂದಕ್ಕೆ ಹೋಗುತ್ತೆ. ನಮ್ಮನೆಯವಳು ಅಡುಗೆಮನೆ ಬಾಗಿಲು ಹಾಕಿಕೊಂಡಳು.”

ಈ ಪತ್ರವನ್ನು ಒಬ್ಬ ಸಹೋದ್ಯೋಗಿಗೆ ತೋರಿಸಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ನಾಲ್ಕು ಸಾಲಿನಲ್ಲಿ ಒಂದು ಶೋಧನೆಯಿದೆ. ಅಂದಿನ ಮನುಷ್ಯನ ಅಂಗೈ ಚಿಕ್ಕದಾಗಿತ್ತೆಂದು ಹಿಂದೆ ಕೆಲವರು ತರ್ಕಿಸಿದ್ದುಂಟು, ಹಿಡಿಯ ಅಳತೆಯನ್ನು ನೋಡಿ. ಕೈಯಲ್ಲಿ ಹಿಡಿದವನಿಗೆ ಹೊಳೆದದ್ದು, ಕೈ ಚಿಕ್ಕದಲ್ಲ, ಹಿಡಿಯುವ ರೀತಿ ಬೇರೆ ಎಂದು. ಇದು ಹುಡುಗಾಟವಾದರೆ ನಮ್ಮ ಸಂಶೋಧನೆಯಲ್ಲಿ ಇನ್ನಷ್ಟು ಹುಡುಗಾಟ ಬೇಕಾಗಿದೆ. 2012ರಲ್ಲಿ ಅಮೆರಿಕದ ಕಮ್ಮಾರ ರಿಚರ್ಡ್ ಫರ್ರರ್ ಮೂಸೆಯಲ್ಲಿ ತಾವೇ ಉಕ್ಕು ಕರಗಿಸಿ ಉಲ್ಫ್‌ಬೆರ್ಟ್ ಕತ್ತಿಯ ಪ್ರತಿಕೃತಿಯೊಂದನ್ನು ಬಡಿದು ಮಾಡಿದರು; ಆ ಕೆಲಸದ ಕಷ್ಟವೆಂಥದೆಂದು ಬರಿಯ ಪುಸ್ತಕದಿಂದ ಯಾರು ತಿಳಿಯಬಲ್ಲರು? ಪ್ರತಿ ಮಾಡುವುದೂ ಒಂದು ಬಗೆಯ ಓದು.

ಕೊಳ್ಳುವವರೆಲ್ಲ ಇಷ್ಟು ಬಲ್ಲವರೆಂದು ನಾನು ಹೇಳುತ್ತಿಲ್ಲ. ಅಂಗಡಿಗಳಲ್ಲಿ ಮಾರಾಟವಾಗುವ ಹಾಳುಮೂಳು ಬೇಕಾದಷ್ಟಿದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಉದ್ದನೆಯ ಅಲಗು ಮಾಡಿ, ಹಿಡಿಯೊಳಗೆ ಹೊಗುವ ಬಾಲವನ್ನು ಪೆನ್ಸಿಲಿನಷ್ಟು ಸಣ್ಣಗೆ ಬೆಸೆದು, ಮೇಲೆ ತಲೆಬುರುಡೆಯನ್ನೋ ತೋಳವನ್ನೋ ಎರಕ ಹೊಯ್ದು ಮಾರುತ್ತಾರೆ. ಅದು ಗೋಡೆಗೆ ತೂಗುಹಾಕುವುದಕ್ಕೆ ಸರಿ. ಬೀಸಿದರೆ ಅಲಗು ಹಿಡಿಯಿಂದ ಕಳಚಿ ಎದುರು ನಿಂತವರ ಮೇಲೆ ಹಾರುತ್ತದೆ. ಅದಕ್ಕೆ ಜೊತೆಯಾಗಿ ಕೊಂಬಿನ ಶಿರಸ್ತ್ರಾಣ! ವೈಕಿಂಗರ ತಲೆಯ ಮೇಲೆ ಕೊಂಬು ಮೂಡಿಸಿದ ಕೀರ್ತಿ ಬಹುಪಾಲು 1876ರಲ್ಲಿ ಜರ್ಮನಿಯ ಬೈರಾಯ್ಟ್ ನಗರದಲ್ಲಿ ವಾಗ್ನರನ ಸಂಗೀತನಾಟಕಕ್ಕೆ ವೇಷಭೂಷಣ ರಚಿಸಿದ ಕಾರ್ಲ್ ಎಮಿಲ್ ಡೋಪ್ಲರ್ ಎಂಬ ಚಿತ್ರಕಾರನಿಗೆ ಸಲ್ಲಬೇಕು. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ಸಿಕ್ಕ ಅಸಲು ಶಿರಸ್ತ್ರಾಣದಲ್ಲಿ ಕೊಂಬೂ ಇಲ್ಲ, ರೆಕ್ಕೆಯೂ ಇಲ್ಲ. ಕಬ್ಬಿಣದ ಬೋಗುಣಿ, ಕಣ್ಣಿಗೆ ಮರೆ, ಅಷ್ಟೆ. ಕೊಂಬಿನ ಗಿರಾಕಿಗಳ ಪರವಾಗಿ ವಾದಿಸುವ ಹೊಣೆಯನ್ನು ನಾನು ಹೊತ್ತಿಲ್ಲ.

ಇನ್ನು ನಿಜವಾಗಿ ಉತ್ತರ ಹೇಳಬೇಕಾದ ಆಕ್ಷೇಪಣೆಗೆ ಬರೋಣ. ವೈಕಿಂಗರು ದರೋಡೆಕಾರರು, ಮಠಗಳನ್ನು ಸುಟ್ಟವರು, ಹಿಡಿದ ಗಂಡಸರನ್ನೂ ಹೆಂಗಸರನ್ನೂ ಸಂತೆಯಲ್ಲಿ ಮಾರಿದವರು. ಐರ್ಲೆಂಡಿನ ಡಬ್ಲಿನ್ ನಗರ ಅವರ ಕೈಯಲ್ಲಿ ಗುಲಾಮರ ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು. ಅಂಥವರ ಆಯುಧವನ್ನು ಮುದ್ದಿಸುವುದೇ? ಇದಕ್ಕಿಂತಲೂ ಭೀಕರವಾದುದು ಮುಂದೆ ನಡೆದದ್ದು. ಹಿಟ್ಲರನ ಎಸ್‌.ಎಸ್‌. ಪಡೆ ಹಳೆಯ ರೂನ್ ಅಕ್ಷರಗಳನ್ನು ತನ್ನ ಕೊರಳಪಟ್ಟಿಯ ಮೇಲೆ ಧರಿಸಿತು, ತನ್ನ ಒಂದು ತುಕಡಿಗೆ ‘ವೈಕಿಂಗ್’ ಎಂದೇ ಹೆಸರಿಟ್ಟಿತು. 2017ರಲ್ಲಿ ಅಮೆರಿಕದ ಷಾರ್ಲಟ್ಸ್‌ವಿಲ್ ಪಟ್ಟಣದಲ್ಲಿ ಬಿಳಿಯರ ಮೇಲ್ಮೆಯನ್ನು ಸಾರಲು ನೆರೆದವರ ನಡುವೆ ಉತ್ತರದೇಶದ ಹಳೆಯ ಲಾಂಛನಗಳು ಕಂಡವು. ವೈಕಿಂಗನೆಂದರೆ ಬೆಳ್ಳಗಿನ ಶುದ್ಧ ರಕ್ತದ ವೀರ, ಅವನ ಕತ್ತಿ ಆ ರಕ್ತದ ಗುರುತು ಎಂದು ನಂಬುವವರು ಇಂದಿಗೂ ಇದ್ದಾರೆ. ಕತ್ತಿ ಕೊಳ್ಳುವವರ ಸಾಲಿನಲ್ಲಿ ಅವರೂ ನಿಂತಿರುತ್ತಾರೆ. ಇದು ಸಣ್ಣ ವಿಚಾರವಲ್ಲ. ನನ್ನ ವಿದ್ಯಾರ್ಥಿಯಂಥ ಕಂದುಬಣ್ಣದವನು ಆ ಸಾಲಿನಲ್ಲಿ ನಿಂತಾಗ ಹಿಂದೆ ತಿರುಗಿ ನೋಡಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನಮ್ಮ ನಗುವ ಮಿತ್ರರ ಸಲಹೆ, ಕತ್ತಿಯನ್ನೇ ಬಿಟ್ಟುಬಿಡಿ ಎಂಬುದು. ಇದು ನನಗೆ ಅತ್ಯಂತ ಅವಿವೇಕವಾಗಿ ಕಾಣುತ್ತದೆ. ವಿವೇಕಿಗಳು ನಕ್ಕು ಬಿಟ್ಟುಹೋದ ವಸ್ತು ದುರುಳರ ಪಾಲಾಗುತ್ತದೆ. ಆ ದುರುಳರ ವಿರುದ್ಧ ಸಾಕ್ಷಿ ನುಡಿಯುವುದಕ್ಕೆ ಆ ಕತ್ತಿಯಷ್ಟು ಬಲವಾದದ್ದು ಇನ್ನೊಂದಿಲ್ಲ! ಅದನ್ನು ಕಟಕಟೆಗೆ ಕರೆಯಿರಿ. ನಿನ್ನ ಅಲಗು ಎಲ್ಲಿಯದೆಂದು ಕೇಳಿರಿ. ಹೆಸರಾಂತ ಅಲಗುಗಳಲ್ಲಿ ಎಷ್ಟೋ ಫ್ರಾಂಕರ ನಾಡಿನವು. ಬೋಳುತಲೆಯ ಚಾರ್ಲ್ಸ್ ಎಂಬ ಅಡ್ಡಹೆಸರಿನ ಫ್ರಾಂಕರ ದೊರೆ 864ರಲ್ಲಿ, ಪರದೇಶಿಯರಿಗೆ ಆಯುಧ ಮಾರಿದವನಿಗೆ ಮರಣದಂಡನೆ ಎಂದು ಕಟ್ಟಳೆ ಹೊರಡಿಸಬೇಕಾಯಿತು. ಅಂದರೆ ಮಾರಾಟ ಭರ್ಜರಿಯಾಗಿ ನಡೆಯುತ್ತಿತ್ತೆಂದೇ ಅರ್ಥ. ನಿನ್ನನ್ನು ಕೊಂಡ ಬೆಳ್ಳಿ ಯಾವುದೆಂದು ಕೇಳಿರಿ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ 1999ರಲ್ಲಿ ಸಿಕ್ಕ ವೈಕಿಂಗ್ ನಿಧಿಯಲ್ಲಿ 67 ಕಿಲೋಗ್ರಾಂ ಬೆಳ್ಳಿಯಿತ್ತು, ಅದರಲ್ಲಿ 14 ಸಾವಿರಕ್ಕೂ ಹೆಚ್ಚು ನಾಣ್ಯ. ಬಹುಮಟ್ಟಿಗೆ ಎಲ್ಲವೂ ಅರಬ್ಬೀ ಅಕ್ಷರದವು. 921ರಲ್ಲಿ ಬಾಗ್ದಾದಿನಿಂದ ಹೊರಟ ಇಬ್ನ್ ಫದ್ಲಾನ್ ಎಂಬ ರಾಯಭಾರಿ ವೋಲ್ಗಾ ನದಿಯ ದಡದಲ್ಲಿ ಈ ಜನರನ್ನು ಕಂಡು, ಅವರ ಕತ್ತಿಗಳು ಫ್ರಾಂಕರ ಮಾದರಿಯವೆಂದು ಬರೆದಿಟ್ಟ. ರಕ್ತದ ಮಾತೇ ಬೇಕೆನ್ನುವವರಿಗೆ ಅದಕ್ಕೂ ಉತ್ತರವುಂಟು. ವೈಕಿಂಗರ ಕಾಲಕ್ಕೆ ಸಂಬಂಧಪಟ್ಟ 442 ಅಸ್ಥಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಅವರಲ್ಲಿ ದಕ್ಷಿಣದ ಹಾಗೂ ಪೂರ್ವದ ರಕ್ತ ಧಾರಾಳವಾಗಿ ಬೆರೆತಿತ್ತು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೈಕಿಂಗರ ಕತ್ತಿಯೊಡನೆ ಹೂಳಲ್ಪಟ್ಟವರಲ್ಲಿ ಆ ನೆಲದ ಸ್ಥಳೀಯರೇ ಇದ್ದರು. ಸ್ವೀಡನ್ನಿನ ಬಿರ್ಕಾ ಪಟ್ಟಣದಲ್ಲಿ 1878ರಲ್ಲಿ ತೆಗೆದ ಗೋರಿಯೊಂದರಲ್ಲಿ ಕತ್ತಿ, ಕೊಡಲಿ, ಬಾಣ, ಎರಡು ಕುದುರೆ ಎಲ್ಲವೂ ಇದ್ದುವು. ಮಹಾವೀರನ ಗೋರಿಯೆಂದು ನೂರು ವರ್ಷಕ್ಕೂ ಮೀರಿ ಪಾಠ ಹೇಳಿದರು. 2017ರಲ್ಲಿ ಪರೀಕ್ಷೆಯಾದಾಗ ಆ ವೀರ ಹೆಂಗಸೆಂದು ಗೊತ್ತಾಯಿತು! ಮೀಸೆ ತಿರುವುವವರ ಕೈಗೆ ಇಂಥ ಕತ್ತಿಯನ್ನು ಬಿಟ್ಟುಕೊಟ್ಟು ನಾವು ನಗುತ್ತ ಕೂರುವುದು ಯಾವ ಜಾಣತನ?

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಉಲ್ಫ್‌ಬೆರ್ಟ್ ಕತ್ತಿಯ ಉಕ್ಕು ನಮ್ಮದು ಎಂಬ ಘೋಷಣೆ ಆಗಾಗ ಕಿವಿಗೆ ಬೀಳುತ್ತದೆ. ಇಂಗ್ಲಿಷಿನ ‘ವೂಟ್ಸ್’ ಎಂಬ ಶಬ್ದ ನಮ್ಮ ‘ಉಕ್ಕು’ ಕೆಟ್ಟು ಆದದ್ದೆಂಬ ವಿವರಣೆ ಬಹಳ ಹಿಂದಿನಿಂದ ಇದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಉಕ್ಕನ್ನು ಕುರಿತು ಪ್ರಬಂಧ ಓದಿದ. ಸ್ವಲ್ಪ ಕಾಲದ ಮೇಲೆ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸುತ್ತಿ, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವ ರೀತಿಯನ್ನು ಬರೆದುಕೊಂಡ. ಫ್ಯಾರಡೆಯಂಥ ವಿಜ್ಞಾನಿ ಅದರ ಗುಟ್ಟು ಬಿಡಿಸಲು ಹೆಣಗಿದ. ಇದೆಲ್ಲ ನಿಜ, ಇದಕ್ಕೆ ಹೆಮ್ಮೆಪಡೋಣ. ಆದರೆ ಉಲ್ಫ್‌ಬೆರ್ಟ್ ಅಲಗುಗಳ ವಿಷಯದಲ್ಲಿ ವಿಲಿಯಮ್ಸ್ ಹೇಳಿದ್ದು, ಮೇಲ್ದರ್ಜೆಯ ಕೆಲವಕ್ಕೆ ಮೂಸೆಯುಕ್ಕು ವೋಲ್ಗಾ ನದಿಯ ವ್ಯಾಪಾರದ ಹಾದಿಯಲ್ಲಿ ಪೂರ್ವದಿಂದ ಬಂದಿರಬಹುದೆಂದು. ಅದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಮಧ್ಯ ಏಷ್ಯದಲ್ಲೂ ಆ ಕಾಲಕ್ಕೆ ಮೂಸೆಯುಕ್ಕು ಆಗುತ್ತಿತ್ತು. ‘ಪೂರ್ವದಿಂದ ಬಂದಿರಬಹುದು’ ಎಂಬುದನ್ನು ‘ಕರ್ನಾಟಕದಿಂದ ಹೋಯಿತು’ ಎಂದು ಓದುವುದು, ಪಾಠಾಂತರವನ್ನು ತನಗೆ ಬೇಕಾದಂತೆ ತಿದ್ದಿಕೊಂಡ ಸಂಪಾದಕನ ಕೆಲಸ. ಅತ್ತ ಬಿಳಿಯರ ಸಂಘದವರು ಕತ್ತಿ ನಮ್ಮ ರಕ್ತದ್ದು ಎನ್ನುತ್ತಾರೆ, ಇತ್ತ ನಾವು ಕತ್ತಿ ನಮ್ಮ ಮಣ್ಣಿನದು ಎನ್ನುತ್ತೇವೆ. ಕೂಗಿನ ಶ್ರುತಿ ಒಂದೇ.

ನಮ್ಮ ನಾಡಿಗೂ ಈ ಕತ್ತಿಗೂ ಸಂಬಂಧವೇ ಇಲ್ಲವೇ? ಇದೆ, ಸಾವಿರ ವರ್ಷದ ಹಿಂದಿನದಲ್ಲ, ಇವತ್ತಿನದು. ಜಗತ್ತಿನಲ್ಲಿ ಮಾರಾಟವಾಗುವ ವೈಕಿಂಗ್ ಕತ್ತಿಯ ಪ್ರತಿಕೃತಿಗಳಲ್ಲಿ ಎಷ್ಟೋ ಭಾರತದಲ್ಲಿ ಆಗುತ್ತವೆ. ಡೆಹ್ರಾಡೂನಿನ ಸುತ್ತ ಈ ಕಸುಬು ಬೆಳೆದಿದೆ. ಗೂರ್ಖಾ ಪಡೆಗಳಿಗೆ ಕುಕ್ರಿ ಮಾಡಿಕೊಡಲೆಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊದಲಾದ ಕೆಲಸ ಕ್ರಮೇಣ ರೋಮನರ ಕತ್ತಿಗೂ ವೈಕಿಂಗರ ಕತ್ತಿಗೂ ಹರಡಿತು. ಹಿಮಾಲಯದ ತಪ್ಪಲಿನ ಕಾರ್ಮಿಕ ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಸಾಣೆ ಹಿಡಿದು, ಹಿಡಿಗೆ ತೊಗಲು ಸುತ್ತಿ ಕಳಿಸಿದ ಕತ್ತಿಯನ್ನು ಅಮೆರಿಕದಲ್ಲಿ ಬಿಚ್ಚಿ ‘ಇದು ನಮ್ಮ ಪೂರ್ವಿಕರದು’ ಎಂದು ಎದೆಗೆ ಒತ್ತಿಕೊಳ್ಳುತ್ತಾರೆ. ಶುದ್ಧರಕ್ತದ ಭಾಷಣಕಾರನ ಸೊಂಟದಲ್ಲಿ ತೂಗುವುದೂ ಇಲ್ಲಿಯ ಕೈಯ ಕೆಲಸವೇ ಆಗಿದ್ದರೆ ಆಶ್ಚರ್ಯವಿಲ್ಲ.

ಈಗ ನನ್ನ ನಿಜವಾದ ದೂರಿಗೆ ಬಂದಿದ್ದೇನೆ. ನನ್ನ ವಿದ್ಯಾರ್ಥಿಯ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಕತ್ತಿಯ ಒರೆಯ ಮೇಲೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಚೀಟಿಯಿತ್ತಂತೆ. ಅದನ್ನು ಬಿಸಿನೀರು ಹಚ್ಚಿ ಕಿತ್ತುಹಾಕಿದನಂತೆ, ಗೆಳೆಯರಿಗೆ ತೋರಿಸುವಾಗ ಶೋಭೆ ಕೆಡುತ್ತದೆಂದು. ಅವನನ್ನು ಹುಡುಗಾಟದವನೆಂದು ನಕ್ಕವರು ಇದನ್ನು ಓದಿ ಏನೂ ಅನ್ನಲಿಲ್ಲ. ಚೀಟಿ ತಾನೆ ಎಂದರು. ನನಗೆ ಆ ಇಡೀ ಪತ್ರದಲ್ಲಿ ಕೆಟ್ಟೆನಿಸಿದ್ದು ಅದೊಂದೇ. ಮಿಕ್ಕ ಸಂತೋಷವೆಲ್ಲ ನ್ಯಾಯವಾದದ್ದು. ಕಬ್ಬಿಣದಲ್ಲಿ ಕೆಲಸ ಹೇಗೆ ಕೂತಿದೆಯೆಂದು ಕೈಯಿಂದ ಬಲ್ಲವನು, ಆ ಕೆಲಸ ಮಾಡಿದ ಕೈಯನ್ನು ಮರೆಮಾಚಿದನಲ್ಲ! ಕತ್ತಿ ಒಂಬತ್ತನೆಯ ಶತಮಾನದಿಂದ ನೆಟ್ಟಗೆ ತನ್ನ ಅಡುಗೆಮನೆಗೆ ಬಂತೆಂದು ನಂಬುವ ಆಸೆ ಅದು. ನಕಲು ಎಂಬುದಕ್ಕೆ ನಾಚಿಕೆಯಿಲ್ಲ, ಮಾಡಿದವನ ಊರಿಗೆ ನಾಚಿಕೆ.

ಉಲ್ಫ್‌ಬೆರ್ಟಿನ ಕತ್ತಿಗೆ ಅಷ್ಟು ಬೆಲೆ ಬಂದದ್ದು ಯಾಕೆ? ಅಲಗಿನ ಮೇಲೆ ಹೆಸರಿದ್ದದ್ದರಿಂದ. ಕತ್ತಿ ಹಿಡಿದ ವೀರನ ಹೆಸರಲ್ಲ, ಮಾಡಿದವನ ಹೆಸರು. ನಾರ್ವೆಯ ದೊರೆಗಳು ತಮ್ಮ ಕತ್ತಿಗೇ ಹೆಸರಿಟ್ಟು ಕರೆಯುತ್ತಿದ್ದರು. ಮಾಗ್ನುಸನೆಂಬ ದೊರೆಯ ಕತ್ತಿಗೆ ‘ಕಾಲುಕಚ್ಚ’ ಎಂಬರ್ಥದ ಹೆಸರಿತ್ತು. ದೊರೆಗಳಿಟ್ಟ ಹೆಸರು ಕಥೆಯಲ್ಲಿ ಉಳಿಯಿತು, ಕಮ್ಮಾರ ಇಟ್ಟ ಹೆಸರು ಕಬ್ಬಿಣದಲ್ಲಿ ಉಳಿಯಿತು. ಇಂದಿನ ಪ್ರತಿಕೃತಿಯಲ್ಲಿ ಉಲ್ಫ್‌ಬೆರ್ಟ್ ಎಂದು ಶಿಲುಬೆ ಸಮೇತ ಅಚ್ಚುಕಟ್ಟಾಗಿ ಕೆತ್ತುತ್ತಾರೆ. ಕೆತ್ತಿದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅಸಲು ಕತ್ತಿಯಲ್ಲಿ ಇದ್ದ ಅತ್ಯಂತ ಮುಖ್ಯವಾದ ಅಂಶವೇ ಈ ಪ್ರತಿಯಲ್ಲಿ ಬಿಟ್ಟುಹೋಗಿದೆ. ಪ್ರತಿ ಮಾಡುವವರ ಭಾಷೆಯಲ್ಲಿ ಹೇಳುವುದಾದರೆ ಇದು ಗ್ರಂಥಪಾತ. ಓಲೆಯ ಪ್ರತಿ ಮಾಡಿದ ಎಷ್ಟೋ ಲಿಪಿಕಾರರು ಕೊನೆಯ ಗರಿಯಲ್ಲಿ, ಇಂಥ ಸಂವತ್ಸರ, ಇಂಥ ತಿಥಿ, ಇಂಥವನು ಬರೆದು ಮುಗಿಸಿದೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಬರೆದಿಟ್ಟರು. ಆ ಎರಡು ಸಾಲು ನಮ್ಮ ಕಾವ್ಯಕ್ಕೆ ಕುಂದು ತಂದಿತೇ?

ಕಾರ್ಖಾನೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಗಿರಾಕಿ ಕೇಳದ ಹೆಸರನ್ನು ಅವರೇಕೆ ಕೆತ್ತಿಯಾರು? ಕೇಳಬೇಕಾದವರು ಕೊಳ್ಳುವವರು. ಒಂದು ಕತ್ತಿ ಹತ್ತು ಕೈಗಳಲ್ಲಿ ಹಾದು ಬರುತ್ತದೆ, ಯಾರ ಹೆಸರು ಹಾಕುವುದು ಎಂದು ಒಬ್ಬರು ನನ್ನನ್ನು ಕೇಳಿದರು. ಕಾಯಿಸಿದವನು ಒಬ್ಬ, ಸಾಣೆ ಹಿಡಿದವನು ಇನ್ನೊಬ್ಬ, ಹಿಡಿ ಕಟ್ಟಿದವಳು ಮತ್ತೊಬ್ಬಳು ಎಂಬುದೇನೋ ನಿಜ. ಉಲ್ಫ್‌ಬೆರ್ಟ್ ಎಂಬುದೂ ಒಬ್ಬನ ಹೆಸರಾಗಿ ಉಳಿದಿರಲಿಲ್ಲ ಎಂದೆನಲ್ಲ. ಇನ್ನೂರು ವರ್ಷ ಎಷ್ಟೋ ಕೈಗಳು ಆ ಒಂದು ಹೆಸರಿನಡಿ ದುಡಿದುವು. ಹಾಗೆಯೇ ಒಂದು ಮುದ್ರೆ ಇರಲಿ, ಒಂದು ಊರಿನ ಹೆಸರಾದರೂ ಇರಲಿ. ಅದನ್ನು ಒರೆಗೆ ಅಂಟಿಸಿದ ಚೀಟಿಯಲ್ಲಿ ಹಾಕಿದರೆ ಬಿಸಿನೀರಿಗೆ ಕಿತ್ತುಬರುತ್ತದೆ. ಅಲಗಿನ ಬಾಲದ ಮೇಲೆ, ಹಿಡಿಯೊಳಗೆ ಅಡಗುವ ಜಾಗದಲ್ಲಿ ಹಾಕಿದರೆ, ಹಿಡಿಯ ಮರ ಮಣ್ಣಾದ ಮೇಲೆ ತಾನಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ ತೋಡಿನ ನಡುವೆ, ಎಲ್ಲರಿಗೂ ಕಾಣುವಂತೆ, ದೇವನಾಗರಿಯಲ್ಲಿಯೇ ಹಾಕಲಿ. ಅದರಿಂದ ಕತ್ತಿಯ ಬೆಲೆ ಹೆಚ್ಚುವುದಿಲ್ಲ. ನಾಲ್ಕು ಅಕ್ಷರ ಒತ್ತಲು ನಾಲ್ಕು ನಿಮಿಷ ಸಾಕು.